ಬಾಯಿಯ ಸುತ್ತಿನ ಬಣ್ಣ

ಅರವತ್ತು ದಾಟಿದ ಮೇಲೆ ಎಣ್ಣೆಬಣ್ಣದಲ್ಲಿ ಮುಖ ಬರೆಯುವುದನ್ನು ಕಲಿಯಲು ಹೊರಟ ಡ್ರಾಯಿಂಗ್ ಮೇಷ್ಟ್ರಿಗೆ ಹೆಗ್ಗಡದೇವನಕೋಟೆಯಲ್ಲಿ ಗುರು ಎಲ್ಲಿ ಸಿಗಬೇಕು? ನಾನು ಥಾಮಸ್ ಹಿಕ್ಕಿಯನ್ನು ಹಿಡಿದೆ. 1741ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿ, ಇಟಲಿಗೆ ಹೋಗಿ ಕಲಿತು, 1799ರಲ್ಲಿ ಟಿಪ್ಪು ಮಡಿದ ಮೇಲೆ ಶ್ರೀರಂಗಪಟ್ಟಣಕ್ಕೆ ಬಂದ ಚಿತ್ರಗಾರ. 1824ರಲ್ಲಿ ಮದರಾಸಿನಲ್ಲಿ ತೀರಿಕೊಂಡ. ಅವನು 1805ರ ಸುಮಾರಿಗೆ ಬರೆದ ಮೈಸೂರು ರಾಣಿವಾಸದ ಮೂವರು ಹೆಂಗಸರ ಚಿತ್ರವೇ ನನಗೆ ಪಾಠ. ಮೂಲಚಿತ್ರ 2007ರಲ್ಲಿ ಸದಬೀಸ್ ಹರಾಜಿಗೆ ಬಂದಿತ್ತು. ನನ್ನ ಬಳಿ ಇರುವುದು ಮೈಸೂರಿನಲ್ಲಿ ಹಾಕಿಸಿದ ಪ್ರಿಂಟು.

ಆ ಕಾಲದ ಯುರೋಪು ಗ್ರೀಕ್, ರೋಮನ್ ಶಿಲ್ಪಗಳ ಗುಂಗಿನಲ್ಲಿತ್ತು. ಗೆರೆ ಖಚಿತ, ಬಣ್ಣ ಹಿಡಿತದ್ದು, ಕುಂಚ ಆಡಿದ ಗುರುತು ಆದಷ್ಟೂ ಕಾಣಬಾರದು. ಇದೇ ನವಶಾಸ್ತ್ರೀಯ ಪಂಥ. ಅದರ ದೊಡ್ಡ ಹೆಸರು ಪ್ಯಾರಿಸ್ಸಿನ ದಾವೀದ್. ಹಿಕ್ಕಿ ಅಷ್ಟು ಎತ್ತರದವನಲ್ಲ, ಒಪ್ಪುತ್ತೇನೆ. ಆದರೆ ದಾವೀದ್ ಬರೆದ ಮುಖಗಳು ನನಗೆ ದೂರ. ಹಿಕ್ಕಿ ಬರೆದವು ನಮ್ಮ ಕಡೆಯ ಮೈಬಣ್ಣದವು.

ನಕಲು ಎಂದರೆ ಮೂಗು ಮುರಿಯುವವರಿದ್ದಾರೆ. ಆದರೆ ಲೂವ್ರ್ ಮ್ಯೂಸಿಯಮ್ಮಿನಲ್ಲಿ ಇವತ್ತಿಗೂ ಅನುಮತಿ ಪಡೆದು ಕುಳಿತು ನಕಲು ಮಾಡುತ್ತಾರೆ. ಅಳತೆ ಮಾತ್ರ ಮೂಲದಷ್ಟೇ ಇರಬಾರದು.

ಮೊದಲು ಚೌಕ ಹಾಕಿ ಗೆರೆ ಇಳಿಸಿಕೊಂಡೆ. ಆಮೇಲೆ ರಾ ಅಂಬರ್‌ಗೆ ಟರ್ಪೆಂಟೈನ್ ಬೆರೆಸಿ ನೆರಳು ಬೆಳಕಷ್ಟನ್ನೇ ತೆಳ್ಳಗೆ ಹಚ್ಚಿದ್ದು. ಅಂಬರ್‌ನಲ್ಲಿ ಮ್ಯಾಂಗನೀಸ್ ಇರುವುದರಿಂದ ಬೇಗ ಒಣಗುತ್ತದೆ. ಮೇಲಿನ ಪದರಗಳಿಗೆ ಹೋದಂತೆ ಅಗಸೆ ಎಣ್ಣೆ ಹೆಚ್ಚಬೇಕು. ತಿರುಗಾಮುರುಗಾ ಆದರೆ ಮುಂದೆ ಬಿರುಕು. ಎಣ್ಣೆಬಣ್ಣ ನೀರಿನಂತೆ ಆರುವುದಿಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ. ಹೆಗ್ಗಡದೇವನಕೋಟೆಯ ಆಷಾಢದ ಥಂಡಿಯಲ್ಲಿ ಅದೂ ನಿಧಾನ. ಅವಸರದವರು ಜಲವರ್ಣಕ್ಕೆ ಹೋಗುವುದು ಒಳ್ಳೆಯದು.

ಮೈಬಣ್ಣಕ್ಕೆ ಯೆಲ್ಲೋ ಓಕರ್, ಲೈಟ್ ರೆಡ್, ಬಿಳಿ, ಚೂರು ಅಂಬರ್. ಎಡಗಡೆಯವಳ ಕೆನ್ನೆಗೆ ಕಲಸಿದ ಬಣ್ಣ ಅವಳ ಬಾಯಿಯ ಸುತ್ತ ಕೂರಲೇ ಇಲ್ಲ. ಮೂಗಿನ ಕೆಳಗೆ, ತುಟಿಯ ಆಚೀಚೆ ಮಾಸಲು. ಪ್ರಿಂಟಿನ ದೋಷವೇನೋ ಎಂದುಕೊಂಡೆ. ಹೆಂಡತಿ ಬಗ್ಗಿ ನೋಡಿ, "ಇದೇನ್ರೀ, ಈ ಹೆಣ್ಮಗಳ ಬಾಯಿ ಹತ್ರ ಹಿಂಗಾಗೈತೆ? ಅಮ್ಮ ಆಗಿತ್ತಾ?" ಅಂದಳು.

ಕೇಂಬ್ರಿಜ್‌ನ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದವೂ ಸಿಡುಬಿನ ಹತ್ತಿರದ್ದೇ. ಒಂದು ಕಾಲಕ್ಕೆ ಚಿತ್ರದ ಈ ಮೂವರನ್ನು ನರ್ತಕಿಯರೆಂದೂ ಭಾವಿಸಿದ್ದರು. ಚಾನ್ಸೆಲರ್ ಪ್ರಕಾರ ಎಡಗಡೆಯವಳು ಮುಮ್ಮಡಿ ಕೃಷ್ಣರಾಜ ಒಡೆಯರ ಹಿರಿಯ ರಾಣಿ. ಆ ಮಾಸಲು, ಸಿಡುಬಿನ ಹಕ್ಕಳೆಯ ಪುಡಿಯನ್ನು ಮೂಗಿಗೆ ಊದುವ ಹಳೆಯ ಚಿಕಿತ್ಸೆಯ ಗುರುತು. ಬಲಗಡೆಯವಳು ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಜೆನ್ನರ್‌ನ ಹೊಸ ಲಸಿಕೆ ಹಾಕಿಸಿಕೊಂಡ ಜಾಗ. ಭಾರತದಲ್ಲಿ ಆ ಲಸಿಕೆ ಮೊದಲು ಬಿದ್ದದ್ದು 1802ರ ಜೂನ್ 14ರಂದು, ಬೊಂಬಾಯಿಯ ಮೂರು ವರ್ಷದ ಮಗುವಿಗೆ. ಹೆದರಿದ ಜನರಿಗೆ ಧೈರ್ಯ ತುಂಬಲು ಬರೆಸಿದ ಚಿತ್ರ ಇದು ಎಂಬುದು ಚಾನ್ಸೆಲರ್ ಅವರ ಊಹೆ. ಎಲ್ಲವನ್ನೂ ಒಪ್ಪಬೇಕೆಂದಿಲ್ಲ. ಆದರೆ ಒಡವೆ, ಜರಿ ನೋಡಿ ದಾಟಿಬಿಡುವ ಕಣ್ಣಿಗೆ ಆ ಮಾಸಲು ಸಿಗುವುದಿಲ್ಲ. ಅದೇ ಬಣ್ಣ ಕಲಸಬೇಕಾದವನಿಗೆ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಓಕರ್‌ಗೆ ಬಿಳಿ ಜಾಸ್ತಿ ಮಾಡಿ, ಕೆಂಪು ಕಡಿಮೆ ಮಾಡಿ, ಅಂಚನ್ನು ಒಣಕುಂಚದಿಂದ ಸವರಿದ ಮೇಲೆಯೇ ಬಾಯಿ ಮುಖಕ್ಕೆ ಸೇರಿದ್ದು.

ಈಗ ದೇವಾಜಮ್ಮಣ್ಣಿಯ ತೋಳು ನಡೆಯುತ್ತಿದೆ. ನಮ್ಮ ವಯಸ್ಸಿನವರ ತೋಳಿನ ಮೇಲೂ ಅದೇ ಲಸಿಕೆಯ ಕಲೆ ಉಂಟಲ್ಲ. ತೋರಿಸುವ ಕೈಯನ್ನು ಭುಜದಿಂದ ಬರೆದುಕೊಂಡು ಬರಬೇಕು. ಬೆರಳಿನಿಂದ ಶುರು ಮಾಡಿದರೆ ಅಂಟಿಸಿದ ಹಾಗೆ ಕಾಣುತ್ತದೆ. ಸೆರಗು ಸರಿಸಿ ಸ್ವಲ್ಪ ಹೊತ್ತು ಕೂತ್ಕೋ ಎಂದು ಹೆಂಡತಿಯನ್ನು ಕರೆದೆ. "ಅನ್ನಕ್ಕಿಟ್ಟು ಬತ್ತೀನಿ, ಅಲ್ಲೀಗಂಟ ಬಣ್ಣ ಕಲಸ್ಕೊಳ್ಳಿ" ಅಂದಳು.