ಎಫ್‌ಐಆರ್‌ನಲ್ಲಿ ಎಷ್ಟು ಸೆಕ್ಷನ್?

2017ರ ಆಗಸ್ಟ್‌ನಲ್ಲಿ ಬೆಂಗಳೂರು ಪೊಲೀಸರು ಎಂಜಿನಿಯರ್ ಒಬ್ಬರನ್ನು ಬಂಧಿಸಿದರು. ದೂರು ಕೊಟ್ಟಿದ್ದು ಆಧಾರ್ ಪ್ರಾಧಿಕಾರ. ಸರ್ಕಾರದ್ದೇ ಇ-ಹಾಸ್ಪಿಟಲ್ ಸರ್ವರ್‌ ಅನ್ನು ಅನುಮತಿಯಿಲ್ಲದೆ ಬಳಸಿ ಅವರ ಆ್ಯಪ್ ಆಧಾರ್ ವಿವರ ತೋರಿಸುತ್ತಿತ್ತು. ಸರ್ವರ್‌ನ ಬಾಗಿಲು ತೆರೆದಿಟ್ಟವರು ಯಾರು ಎಂಬ ಪ್ರಶ್ನೆ ಹಿಂದೆ ಸರಿಯಿತು. ಎಫ್‌ಐಆರ್‌ನಲ್ಲಿ ಆಧಾರ್ ಕಾಯ್ದೆ, ಐಟಿ ಕಾಯ್ದೆ ಸಾಲದೆಂಬಂತೆ ದಂಡ ಸಂಹಿತೆಯ ಒಳಸಂಚು, ಫೋರ್ಜರಿಯೂ ಸೇರಿದವು.

ಹೀಗೆ ಸೇರಿಸುವ ಸೆಕ್ಷನ್‌ಗಳೇ ಆರೋಪಿಯ ಹಣೆಬರಹ ಬರೆಯುತ್ತವೆ. ಅನುಮತಿಯಿಲ್ಲದೆ ಬೇರೆಯವರ ಕಂಪ್ಯೂಟರ್‌ ಹೊಕ್ಕರೆ ಪರಿಹಾರ ಕಟ್ಟಿಕೊಡಬೇಕು ಎನ್ನುತ್ತದೆ ಐಟಿ ಕಾಯ್ದೆಯ ಸೆಕ್ಷನ್ 43. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದರೆ ಸೆಕ್ಷನ್ 66: ಗರಿಷ್ಠ 3 ವರ್ಷ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದರಲ್ಲಿ ಜಾಮೀನು ಆರೋಪಿಯ ಹಕ್ಕು. ಮೋಸಕ್ಕಾಗಿ ಫೋರ್ಜರಿ ಎಂದು ಸೇರಿಸಿದ ಕೂಡಲೇ ಶಿಕ್ಷೆ 7 ವರ್ಷಕ್ಕೆ ಏರುತ್ತದೆ, ಜಾಮೀನಿಗೆ ನ್ಯಾಯಾಧೀಶರ ಮುಂದೆ ನಿಲ್ಲಬೇಕಾಗುತ್ತದೆ. ಒಂದೇ ಕೃತ್ಯಕ್ಕೆ ಐಟಿ ಕಾಯ್ದೆಯ ಮೇಲೆ ವಂಚನೆ, ನಂಬಿಕೆದ್ರೋಹದ ಸೆಕ್ಷನ್ ಹೇರಬಾರದೆಂದು ಬಾಂಬೆ ಹೈಕೋರ್ಟ್ 2018ರಲ್ಲೇ ಹೇಳಿದೆ.

ಮಸ್ಕಿ ತಾಲ್ಲೂಕಿನ ಬಳಗಾನೂರಿನಲ್ಲಿ ಆನ್‌ಲೈನ್ ಅರ್ಜಿ ತುಂಬಿಕೊಡುವ ಹುಡುಗನೊಬ್ಬ ಇನ್ನೊಬ್ಬರ ಲಾಗಿನ್ ಬಳಸಿ ಸಿಕ್ಕಿಬಿದ್ದ ಎಂದುಕೊಳ್ಳಿ. ಐಟಿ ಕಾಯ್ದೆಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ಪ್ರಕರಣ ಸೈಬರ್ ಅಪರಾಧ ನೋಡಿಕೊಳ್ಳುವ ರಾಯಚೂರಿನ ಸೆನ್ ಠಾಣೆಗೆ ಹೋದೀತು. ಬೆಂಗಳೂರಿನ ಎಂಜಿನಿಯರ್‌ಗೆ ವಕೀಲರು ಸಿಗುತ್ತಾರೆ, ಪತ್ರಿಕೆಗಳು ಬರೆಯುತ್ತವೆ. ಈ ಹುಡುಗನ ಅಪ್ಪ ಸಿಂಧನೂರಿನ ಕೋರ್ಟಿಗೂ ಕಲಬುರಗಿ ಹೈಕೋರ್ಟ್ ಪೀಠಕ್ಕೂ ಬಸ್ಸು ಹತ್ತಿಳಿಯುತ್ತಾ ಸಾಲ ಮಾಡುತ್ತಾನೆ. ಕೊನೆಗೆ ಖುಲಾಸೆಯಾದರೂ ಆ ಸಾಲ ತೀರುವುದಿಲ್ಲ.

2007ರಲ್ಲಿ ಬೆಂಗಳೂರಿನ ಇನ್ನೊಬ್ಬ ಎಂಜಿನಿಯರ್ ತಪ್ಪಾದ ಐಪಿ ವಿಳಾಸದ ಮಾಹಿತಿಯಿಂದ 50 ದಿನ ಪುಣೆಯಲ್ಲಿ ಜೈಲುವಾಸ ಅನುಭವಿಸಿದರು. ತಾಂತ್ರಿಕ ಸಾಕ್ಷ್ಯವನ್ನು ಬಂಧನಕ್ಕೆ ಮೊದಲು ಪರೀಕ್ಷಿಸುವವರೇ ಇರಲಿಲ್ಲ.

ಅಮೆರಿಕದಲ್ಲಿ ಸಂಶೋಧನಾ ಲೇಖನಗಳನ್ನು ರಾಶಿಗಟ್ಟಲೆ ಇಳಿಸಿಕೊಂಡ ಏರನ್ ಸ್ವಾರ್ಟ್ಜ್ ಮೇಲೆ ಅಭಿಯೋಜಕರು 13 ಗಂಭೀರ ಆರೋಪ ಹೊರಿಸಿದ್ದರು. 2013ರ ಜನವರಿಯಲ್ಲಿ, 26ರ ವಯಸ್ಸಿನಲ್ಲಿ ಆತ ಪ್ರಾಣ ಬಿಟ್ಟ. ಸದುದ್ದೇಶದ ಭದ್ರತಾ ಸಂಶೋಧಕರ ಮೇಲೆ ಮೊಕದ್ದಮೆ ಹೂಡಬಾರದೆಂದು ಅಲ್ಲಿನ ನ್ಯಾಯ ಇಲಾಖೆ ಲಿಖಿತ ನೀತಿ ತಂದದ್ದು 2022ರಲ್ಲಿ. ನಮ್ಮ ಐಟಿ ಕಾಯ್ದೆಯಲ್ಲಿ ಅಂಥ ವಿನಾಯಿತಿ ಇಲ್ಲ.

ನಮ್ಮಲ್ಲಿ ಸರ್ಕಾರಿ ಅಭಿಯೋಜಕರ ಮಾತಿಗೆ ಬೆಲೆ ಬರುವುದು ತಡವಾಗಿ. ಕೋರ್ಟಿನ ಒಪ್ಪಿಗೆ ಪಡೆದು ಪ್ರಕರಣ ಹಿಂಪಡೆಯುವ ಅಧಿಕಾರ ಅವರಿಗಿದೆ, ಅಷ್ಟರಲ್ಲಿ ಬಂಧನ, ನೌಕರಿ ನಷ್ಟ ಎಲ್ಲ ಮುಗಿದಿರುತ್ತದೆ. ರಾಜ್ಯದ ಅಭಿಯೋಜನಾ ಇಲಾಖೆ ಸೈಬರ್ ಪ್ರಕರಣಗಳಿಗೆ ಲಿಖಿತ ಮಾರ್ಗಸೂಚಿ ತರಬೇಕು. ಫೋರ್ಜರಿ ಸೇರಿಸುವ ಮೊದಲು ನಕಲಿ ದಾಖಲೆ ಯಾವುದು, ಲಾಭ ಯಾರಿಗೆ, ನಷ್ಟ ಎಷ್ಟು ಎಂದು ತನಿಖಾಧಿಕಾರಿ ಬರೆದುಕೊಡಲಿ. ಅದನ್ನು ಓದಿದ ಅಭಿಯೋಜಕರು ದೋಷಾರೋಪ ಪಟ್ಟಿ ಕೋರ್ಟಿಗೆ ಹೋಗುವ ಮೊದಲೇ ತಮ್ಮ ಅಭಿಪ್ರಾಯಕ್ಕೆ ಸಹಿ ಹಾಕಲಿ.