ಬೂಷ್ಟು ಹಿಡಿದ ದ್ರಾಕ್ಷಿಯ ಬಂಗಾರ

ಸಂತೆಯಿಂದ ತಂದ ದ್ರಾಕ್ಷಿ ಗೊಂಚಲಿನಲ್ಲಿ ನಾಲ್ಕು ಹಣ್ಣು ಬೂಷ್ಟು ಹಿಡಿದಿದ್ದರೆ ನಾವೇನು ಮಾಡುತ್ತೇವೆ? ಹಣ್ಣಿನವನಿಗೆ ಮನಸ್ಸಿನಲ್ಲೇ ಎರಡು ಬೈದು, ಅವನ್ನು ಕಿತ್ತು ತಿಪ್ಪೆಗೆ ಎಸೆಯುತ್ತೇವೆ. ಉಪ್ಪಿನಕಾಯಿ ಜಾಡಿಯಲ್ಲಿ ಬಿಳಿ ಪೊರೆ ಕಂಡರಂತೂ ಅವತ್ತು ಮನೆಯಲ್ಲಿ ವಿಚಾರಣೆಯೇ, ಒದ್ದೆ ಸೌಟು ಹಾಕಿದವರು ಯಾರು ಅಂತ! ಆದರೆ ಫ್ರಾನ್ಸ್ ದೇಶದಲ್ಲೊಂದು ತೋಟವಿದೆ. ಅಲ್ಲಿ ಹಣ್ಣಿಗೆ ಬೂಷ್ಟು ಬರಲಪ್ಪಾ ಎಂದು ಆಕಾಶ ನೋಡುತ್ತ ಕಾಯುತ್ತಾರೆ.

ವೈನ್ ಎಂದೊಡನೆ ನಮ್ಮಲ್ಲಿ ಅನೇಕರು ಮುಖ ಸಿಂಡರಿಸುವುದು ಸಹಜ. ಕುಡಿತದಿಂದ ಎಷ್ಟು ಮನೆ ಹಾಳಾಗಿವೆ ಎಂಬುದನ್ನು ಹೆಂಗಸರಿಗಿಂತ ಚೆನ್ನಾಗಿ ಬಲ್ಲವರು ಯಾರು? ನಾನೂ ಇದನ್ನು ಕುಡಿದು ನೋಡಿದವಳಲ್ಲ, ಕುಡಿಯಿರಿ ಎನ್ನುವವಳೂ ಅಲ್ಲ. ನನ್ನ ಕುತೂಹಲವೆಲ್ಲ ಆ ತೋಟದ ಮೇಲೆ, ಅದನ್ನು ಉಳಿಸಿದ ಒಬ್ಬ ಹೆಣ್ಣುಮಗಳ ಮೇಲೆ.

ತೋಟದ ಹೆಸರು ಶಾತೊ ದಿಕೆಮ್. ಬೋರ್ಡೊ ಪಟ್ಟಣದ ದಕ್ಷಿಣಕ್ಕೆ ಸೊಟೆರ್ನ್ ಎಂಬ ಸೀಮೆಯಲ್ಲಿ, ಒಂದು ದಿಣ್ಣೆಯ ಮೇಲಿದೆ. ಸುಮಾರು ನೂರು ಹೆಕ್ಟೇರಿನಲ್ಲಿ ಸೆಮಿಯೋಂ ಮತ್ತು ಸೊವಿನ್ಯೋಂ ಎಂಬ ಎರಡು ಜಾತಿಯ ಬಿಳಿ ದ್ರಾಕ್ಷಿ. ಹತ್ತಿರದಲ್ಲೇ ಸಿರೋಂ ಎಂಬ ಪುಟ್ಟ ತಣ್ಣನೆಯ ಹೊಳೆ, ಗರೋನ್ ಎಂಬ ದೊಡ್ಡ ನದಿಯನ್ನು ಸೇರುತ್ತದೆ. ಶರತ್ಕಾಲದಲ್ಲಿ ಆ ತಣ್ಣೀರು ಈ ಬೆಚ್ಚನೆಯ ನೀರಿಗೆ ಬಿದ್ದಾಗ ಬೆಳಗಿನ ಹೊತ್ತು ದಟ್ಟ ಮಂಜು ಏಳುತ್ತದೆ. ಆ ಮಂಜಿನ ತೇವಕ್ಕೆ ಬೊಟ್ರಿಟಿಸ್ ಎಂಬ ಬೂಷ್ಟು ಹಣ್ಣಿನ ಮೇಲೆ ಹುಟ್ಟಿ, ಸಿಪ್ಪೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ತೂತು ಕೊರೆಯುತ್ತದೆ. ಮಧ್ಯಾಹ್ನ ಬಿಸಿಲು, ಒಣಗಾಳಿ. ಹಣ್ಣಿನ ನೀರು ಆ ತೂತಿನಿಂದ ಆರಿ, ಸಕ್ಕರೆ ಒಳಗೇ ಉಳಿಯುತ್ತದೆ. ನಾವು ಕಬ್ಬಿನ ಹಾಲು ಕುದಿಸಿ ಇಂಗಿಸಿ ಬೆಲ್ಲ ಮಾಡುತ್ತೇವಲ್ಲ, ಅಲ್ಲಿ ಆ ಕೆಲಸ ಬಳ್ಳಿಯ ಮೇಲೇ ಆಗಿಹೋಗುತ್ತದೆ. ಬೂಷ್ಟು ತನ್ನದೇ ಒಂದು ಪರಿಮಳವನ್ನೂ ಸೇರಿಸುತ್ತದಂತೆ. ಆದರೆ ಆ ಹೊತ್ತಿಗೆ ಮಳೆ ಹಿಡಿದುಕೊಂಡಿತೋ, ಅದೇ ಬೂಷ್ಟು ಬರಿಯ ಕೊಳೆಯಾಗಿ ಫಸಲೆಲ್ಲ ಮಣ್ಣುಪಾಲು. (ಹಾಗಂತ ಮನೆಯ ಬೂಷ್ಟು ಹಣ್ಣನ್ನು ಮಕ್ಕಳಿಗೆ ಕೊಟ್ಟೀರಿ ಮತ್ತೆ! ನಮ್ಮ ಬುಟ್ಟಿಯದು ತಿಪ್ಪೆಗೇ ಸರಿ.)

ಇನ್ನು ಕೊಯ್ಲು. ಬೂಷ್ಟು ಎಲ್ಲ ಹಣ್ಣಿಗೂ ಒಂದೇ ದಿನ ಬರುವುದಿಲ್ಲ. ಆದ್ದರಿಂದ ಕೊಯ್ಯುವವರು ಸಾಲುಸಾಲಾಗಿ ಹೋಗಿ, ಹದವಾಗಿ ಸುಕ್ಕಿದ ಹಣ್ಣನ್ನಷ್ಟೇ ಆರಿಸಿ ಕತ್ತರಿಸುತ್ತಾರೆ. ನಾಲ್ಕು ದಿನ ಬಿಟ್ಟು ಮತ್ತೆ ಅದೇ ಸಾಲು, ಅದೇ ಬಳ್ಳಿ. ಹೀಗೆ ಐದಾರು ಸಲ, ಕೆಲವು ವರ್ಷ ಇನ್ನೂ ಹೆಚ್ಚು. ಅಕ್ಕಿ ಆರಿಸುವಾಗಿನ ನಮ್ಮ ತಾಳ್ಮೆ ಇದರ ಮುಂದೆ ಯಾವ ಲೆಕ್ಕ! ಇಷ್ಟಾಗಿ ಒಂದು ಬಳ್ಳಿಗೆ ಸಿಗುವುದು ಒಂದೇ ಲೋಟ ವೈನ್. ಊಟದ ಕೊನೆಗೆ ಪಾಯಸದ ಹಾಗೆ ಸ್ವಲ್ಪವೇ ಹೀರುವ ಸಿಹಿ ಅದು. ಜೊತೆಗೆ ತಿನ್ನುವುದೇನು ಗೊತ್ತೆ? ನೀಲಿ ಬೂಷ್ಟಿನ ಚೀಸು. ಆ ಜನರ ರುಚಿಯೇ ಹಾಗೆ.

ಈಗ ಆ ಹೆಣ್ಣುಮಗಳ ಮಾತು. ಹೆಸರು ಜೋಸೆಫೀನ್, ತೋಟದ ಒಡೆಯರಾದ ಸೊವಾಜ್ ಮನೆತನದ ಮಗಳು, ಹುಟ್ಟಿದ್ದು 1768ರಲ್ಲಿ. 1785ರಲ್ಲಿ ಲೂರ್ ಸಾಲೂಸ್ ಮನೆತನದ ಕೌಂಟ್ ಒಬ್ಬನಿಗೆ ಮದುವೆ ಮಾಡಿಕೊಟ್ಟರು. ಮೂರೇ ವರ್ಷಕ್ಕೆ ಗಂಡ ಕುದುರೆಯಿಂದ ಬಿದ್ದು ತೀರಿಕೊಂಡ. ಇಪ್ಪತ್ತು ವರ್ಷದ ಹುಡುಗಿ, ಮಡಿಲಲ್ಲಿ ಕೂಸು. ಮರುವರ್ಷವೇ, 1789ರಲ್ಲಿ, ಫ್ರಾನ್ಸಿನ ಮಹಾಕ್ರಾಂತಿ. ದೊಡ್ಡ ಮನೆತನದವರ ತಲೆ ಉರುಳುತ್ತಿದ್ದ ಕಾಲ. ಆಕೆಯನ್ನೂ ಎರಡು ಸಲ ಸೆರೆಮನೆಗೆ ಹಾಕಿದರು. ಹೊರಬಂದವಳು ತವರಿನ ತೋಟ ಬಿಟ್ಟು ಎಲ್ಲಿಗೂ ಹೋಗಲಿಲ್ಲ.

ನಂಬಿಕಸ್ಥ ಪಾರುಪತ್ಯಗಾರನೊಬ್ಬ ಜೊತೆಗಿದ್ದ ಅನ್ನಿ. ಆದರೂ ಜವಾಬ್ದಾರಿ ಆಕೆಯದೇ. ಅಮೆರಿಕದ ಥಾಮಸ್ ಜೆಫರ್ಸನ್ 1787ರಲ್ಲಿ ಬೋರ್ಡೊಗೆ ಬಂದುಹೋದ ಮೇಲೆ ಈ ತೋಟದ 1784ರ ವೈನನ್ನು 250 ಬಾಟಲಿ ತರಿಸಿಕೊಂಡಿದ್ದರು. ಅದು ಗಂಡನಿದ್ದ ಕಾಲ. 1790ರಲ್ಲಿ ಅಧ್ಯಕ್ಷ ವಾಷಿಂಗ್ಟನ್ನರಿಗಾಗಿ ಮತ್ತೆ 30 ಡಜನ್ ಬೇಕೆಂದು ಕಾಗದ ಬರೆದಾಗ ತೋಟ ಆ ಎಳೆಯ ವಿಧವೆಯ ಕೈಯಲ್ಲಿತ್ತು. ಒಳ್ಳೆಯ ಹಣ್ಣನ್ನಷ್ಟೇ ಆರಿಸಿ ಕೊಯ್ಯುವ ಪದ್ಧತಿ ಅಲ್ಲಿ ಗಟ್ಟಿಯಾದದ್ದು ಆಕೆಯ ಕಾಲದಲ್ಲೇ ಎಂದು ಹೇಳುವುದುಂಟು. 1826ರಲ್ಲಿ ಸಾಲ ಸೋಲ ಎಂದು ಹೆದರದೆ ಪೀಪಾಯಿಗಳನ್ನಿಡಲು ದೊಡ್ಡ ಉಗ್ರಾಣ ಕಟ್ಟಿಸಿದಳು. ವೈನನ್ನು ವರ್ಷಗಟ್ಟಲೆ ಮರದ ಪೀಪಾಯಿಯಲ್ಲಿ ಮಾಗಿಸಲು ಜಾಗ ಬೇಕಲ್ಲ!

ಆಕೆ ತೀರಿಕೊಂಡಿದ್ದು 1851ರಲ್ಲಿ. ನಾಲ್ಕೇ ವರ್ಷಕ್ಕೆ, 1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೊ ಸೀಮೆಯ ವೈನುಗಳಿಗೆ ದರ್ಜೆ ಹಾಕಿದರು. ಮೊದಲ ದರ್ಜೆಗಿಂತಲೂ ಮೇಲೆ ಒಂದು ವಿಶೇಷ ದರ್ಜೆ ಮಾಡಿ, ಅದರಲ್ಲಿ ಇಟ್ಟದ್ದು ದಿಕೆಮ್ ಒಂದನ್ನೇ. ಅರವತ್ತು ವರ್ಷ ದುಡಿದವಳು ಅದನ್ನು ಕೇಳಲು ಇರಲಿಲ್ಲವಲ್ಲ ಎಂದು ನನಗಂತೂ ಹೊಟ್ಟೆಯಲ್ಲಿ ಸಂಕಟವಾಯಿತು. ಆಕೆಯ ಕಾಲದ 1811ರ ಬಾಟಲಿಯೊಂದು ಇನ್ನೂರು ವರ್ಷ ಕೆಡದೆ ಉಳಿದು, 2011ರಲ್ಲಿ 75,000 ಪೌಂಡಿಗೆ ಮಾರಾಟವಾಯಿತು!

ದುಡ್ಡಿನ ಮಾತು ಬಿಡಿ. ನನಗೆ ಹಿಡಿಸಿದ್ದು ಬೇರೊಂದು. ಮನಸ್ಸಿಗೆ ಒಪ್ಪದ ವರ್ಷ ಆ ತೋಟದವರು ತಮ್ಮ ಹೆಸರಿನಲ್ಲಿ ಒಂದು ಬಾಟಲಿಯನ್ನೂ ಹೊರಗೆ ಬಿಡುವುದಿಲ್ಲ. 1972, 1974, 1992, ಹೀಗೆ ಖಾಲಿ ವರ್ಷಗಳಿವೆ. ತೋಟ ಹಳೆಯ ಮನೆತನದ ಕೈಬಿಟ್ಟು ದೊಡ್ಡ ಕಂಪನಿಯೊಂದರ ಪಾಲಾದ ಮೇಲೂ ಈ ಪದ್ಧತಿ ಉಳಿಯಿತು. 1998ರಿಂದ 2022ರವರೆಗೆ ಉಗ್ರಾಣದ ಯಜಮಾನಿಕೆ ಮತ್ತೆ ಒಬ್ಬ ಹೆಣ್ಣುಮಗಳದಾಗಿತ್ತು, ಸಾಂಡ್ರೀನ್ ಗಾರ್ಬೆ. 2012ರಲ್ಲಿ ಹವೆ ಕೈಕೊಟ್ಟಿತು. ಸಾಲು ಸಾಲು ಸುತ್ತಿ ಆರಿಸಿ ತಂದದ್ದಾಯಿತು, ಹಿಂಡಿದ್ದಾಯಿತು, ರುಚಿಯನ್ನೂ ನೋಡಿದ್ದಾಯಿತು. ಡಿಸೆಂಬರಿನಲ್ಲಿ ತೋಟದವರು ಹೇಳಿಬಿಟ್ಟರು: ಈ ವರ್ಷ ದಿಕೆಮ್ ಇಲ್ಲ.