ಚಲಚ್ಚಿತ್ರ ಸಂಕಲನ: ವಿದ್ಯಾರ್ಥಿಗಳು ಕಲಿಯಬೇಕಾದ ವಿವೇಕ

ಛಾಯಾಗ್ರಹಣವು ಮುಗಿದೊಡನೆ ಚಲಚ್ಚಿತ್ರವು ಸಿದ್ಧವಾಯಿತೆಂಬ ಭಾವನೆ ಹೊಸಬರಲ್ಲಿ ಸಾಮಾನ್ಯವಾದುದು. ಕೊಯ್ದ ತೆನೆಯು ಕಣಕ್ಕೆ ಬಂದ ಮಾತ್ರಕ್ಕೆ ಕಾಳಾಗುವುದಿಲ್ಲ. ಅದನ್ನು ಒಕ್ಕಬೇಕು, ತೂರಬೇಕು, ಹಸನು ಮಾಡಬೇಕು. ಅಂತೆಯೇ ಚಿತ್ರೀಕರಿಸಿ ತಂದ ದೃಶ್ಯಗಳಲ್ಲಿ ಬೇಕಾದುದನ್ನು ಆಯ್ದು, ಬೇಡವಾದುದನ್ನು ತೆಗೆದು, ಉಳಿದುದನ್ನು ಅರ್ಥವತ್ತಾದ ಕ್ರಮದಲ್ಲಿ ಜೋಡಿಸುವ ಕಾರ್ಯಕ್ಕೆ ಸಂಕಲನವೆಂದು ಹೆಸರು. ಮೊಬೈಲಿನಿಂದಲೇ ಚಿತ್ರ ತೆಗೆಯಬಹುದಾದ ಈ ಕಾಲದಲ್ಲಿಯೂ ಸಂಕಲನವು ಸಾವಧಾನದ ವಿದ್ಯೆಯಾಗಿಯೇ ಉಳಿದಿದೆ.

ಹಿಂದೆ ಇದು ಅಕ್ಷರಶಃ ಕತ್ತರಿಯ ಕೆಲಸವಾಗಿತ್ತು. 35 ಮಿಲಿಮೀಟರ್ ಫಿಲ್ಮಿನ ಒಂದು ಅಡಿಯಲ್ಲಿ 16 ಚೌಕಟ್ಟುಗಳಿರುತ್ತವೆ. ತೆರೆಯ ಮೇಲೆ ಸೆಕೆಂಡಿಗೆ 24 ಚೌಕಟ್ಟುಗಳು ಸಾಗುವುದರಿಂದ ಒಂದು ನಿಮಿಷದ ಚಿತ್ರಕ್ಕೆ 90 ಅಡಿ ಫಿಲ್ಮು ಬೇಕಾಗುತ್ತಿತ್ತು. ಫಿಲ್ಮನ್ನು ಕತ್ತರಿಸಿ ಅಂಟಿಸುವಾಗ ಪ್ರತಿಯೊಂದು ತುಂಡಿನ ಬಗೆಗೂ ಮೊದಲೇ ಆಲೋಚಿಸದೆ ಗತಿಯಿರಲಿಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಕೆಸಲೂರಿನಲ್ಲಿ ಜನಿಸಿದ ಶ್ರೀ ಗಿರೀಶ ಕಾಸರವಳ್ಳಿಯವರು ಪುಣೆಯ ಚಲಚ್ಚಿತ್ರ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದುದು ಈ ಶಿಸ್ತಿನ ಕಾಲದಲ್ಲಿಯೇ. ವಿದ್ಯಾರ್ಥಿಯಾಗಿ ಅವರು ತಯಾರಿಸಿದ ‘ಅವಶೇಷ್’ ಎಂಬ ಕಿರುಚಿತ್ರವು ರಾಷ್ಟ್ರಪ್ರಶಸ್ತಿಗೆ ಪಾತ್ರವಾಯಿತು. 1977ರ ‘ಘಟಶ್ರಾದ್ಧ’ವು ಸ್ವರ್ಣಕಮಲವನ್ನು ಪಡೆಯಿತು. ವಿದ್ಯಾರ್ಥಿಯ ಚಿತ್ರವೆಂದರೆ ಕೇವಲ ಹುಡುಗಾಟವಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ. ಈಚಿನ ದಶಕಗಳಲ್ಲಿ ಗಣಕಯಂತ್ರವು ಕತ್ತರಿಯ ಸ್ಥಾನವನ್ನು ವಹಿಸಿಕೊಂಡಿದೆ. ತಪ್ಪಿದ ಕಡಿತವನ್ನು ಕ್ಷಣಮಾತ್ರದಲ್ಲಿ ಸರಿಪಡಿಸಬಹುದು. ಸೌಲಭ್ಯವು ಹೆಚ್ಚಿತು, ಆಲೋಚಿಸುವ ಅಭ್ಯಾಸವನ್ನು ಮಾತ್ರ ಅಧ್ಯಾಪಕರೇ ಬೆಳೆಸಬೇಕಾಗಿದೆ.

ಸಂಕಲನದ ಮೂಲತತ್ತ್ವವನ್ನು ರಷ್ಯಾ ದೇಶದ ಲೆವ್ ಕುಲೆಶೋವ್ ಎಂಬ ನಿರ್ದೇಶಕನು 1920ರ ಸುಮಾರಿಗೆ ಒಂದು ಪ್ರಯೋಗದಿಂದ ತೋರಿಸಿಕೊಟ್ಟನು. ನಟನೊಬ್ಬನ ನಿರ್ವಿಕಾರವಾದ ಮುಖದ ಪಕ್ಕದಲ್ಲಿ ಒಮ್ಮೆ ಊಟದ ತಟ್ಟೆಯನ್ನೂ ಮತ್ತೊಮ್ಮೆ ಶವಪೆಟ್ಟಿಗೆಯನ್ನೂ ಜೋಡಿಸಿದಾಗ, ನೋಡುಗರು ಅದೇ ಮುಖದಲ್ಲಿ ಒಮ್ಮೆ ಹಸಿವನ್ನೂ ಮತ್ತೊಮ್ಮೆ ದುಃಖವನ್ನೂ ಕಂಡರೆಂದು ಹೇಳಲಾಗಿದೆ. ಮುಖವು ಬದಲಾಗಲಿಲ್ಲ, ನೆರೆಯ ಚಿತ್ರವು ಬದಲಾಯಿತು. ಹೀಗೆ ಅರ್ಥವು ಚಿತ್ರದೊಳಗೆ ಮಾತ್ರವಲ್ಲದೆ, ಎರಡು ಚಿತ್ರಗಳ ನಡುವೆಯೂ ಹುಟ್ಟುತ್ತದೆ. ಈ ಪ್ರಯೋಗವನ್ನು ತರಗತಿಯಲ್ಲಿ ಅರ್ಧ ಗಂಟೆಯಲ್ಲಿ ಮಾಡಿ ತೋರಿಸಬಹುದು.

ಕೊಂಡ್ಲಹಳ್ಳಿಯ ವಿದ್ಯಾರ್ಥಿಗಳು ಚಳ್ಳಕೆರೆ–ಮೊಳಕಾಲ್ಮೂರು ಸೀಮೆಯ ಕಂಬಳಿ ನೇಯ್ಗೆಯನ್ನು ಕುರಿತು ಹತ್ತು ನಿಮಿಷದ ಚಿತ್ರವೊಂದನ್ನು ತಯಾರಿಸಲು ಹೊರಟರೆಂದು ಭಾವಿಸಬಹುದು. ಕುರಿಯ ಉಣ್ಣೆ ಕತ್ತರಿಸುವುದು, ನೂಲುವುದು, ಹಾಸಿಗೆ ಹುಣಿಸೆ ಬೀಜದ ಗಂಜಿ ಸವರುವುದು, ಕುಣಿಮಗ್ಗದಲ್ಲಿ ನೇಯುವುದು, ನೇಕಾರರೊಡನೆ ಸಂಭಾಷಣೆ—ಇವೆಲ್ಲ ಸೇರಿ ಎರಡು ಗಂಟೆಯ ದೃಶ್ಯಗಳು ಸಂಗ್ರಹವಾದರೆ ಆಶ್ಚರ್ಯವಿಲ್ಲ.

ಮೊದಲನೆಯ ಕಾರ್ಯವೆಂದರೆ ಇವುಗಳನ್ನು ಎರಡು ಪ್ರತ್ಯೇಕ ಡಿಸ್ಕುಗಳಲ್ಲಿ ಪ್ರತಿ ಮಾಡಿಡುವುದು. ಎರಡನೆಯದಾಗಿ, ಎಲ್ಲವನ್ನೂ ಆದ್ಯಂತ ನೋಡಿ, ಯಾವ ದೃಶ್ಯ ಎಲ್ಲಿದೆ, ಅದರಲ್ಲಿ ಏನಿದೆ ಎಂಬುದನ್ನು ನೋಟುಪುಸ್ತಕದಲ್ಲಿ ಬರೆದಿಡತಕ್ಕದ್ದು. ಇದು ಬೇಸರದ ಕೆಲಸವಾದರೂ ಇದನ್ನು ಬಿಟ್ಟವರು ಮುಂದೆ ದಾರಿ ತಪ್ಪುತ್ತಾರೆ. ಮೂರನೆಯದಾಗಿ, ಚಿತ್ರವು ಹೇಳಬೇಕಾದ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಂಡು, ಅದಕ್ಕೆ ತಕ್ಕಂತೆ ದೃಶ್ಯಗಳನ್ನು ಒರಟಾಗಿ ಜೋಡಿಸಬೇಕು. ಅನಂತರವೇ ಕಡಿತದ ಸೂಕ್ಷ್ಮತೆ.

ಕೈಯೊಂದು ಲಾಳಿಯನ್ನು ಎಸೆಯುವ ಕ್ಷಣದಲ್ಲಿ ದೂರದ ಚಿತ್ರದಿಂದ ಸಮೀಪದ ಚಿತ್ರಕ್ಕೆ ಹೋದರೆ, ಕಣ್ಣು ಆ ಚಲನೆಯನ್ನೇ ಹಿಂಬಾಲಿಸುವುದರಿಂದ ಕಡಿತವು ಗೋಚರಿಸುವುದಿಲ್ಲ. ಇಬ್ಬರು ಮಾತನಾಡುವಾಗ ಅವರನ್ನು ಕೂಡಿಸುವ ಕಲ್ಪಿತ ರೇಖೆಯ ಒಂದೇ ಪಾರ್ಶ್ವದಲ್ಲಿ ಕ್ಯಾಮೆರಾ ಇದ್ದರೆ, ಅವರು ಪರಸ್ಪರ ನೋಡುತ್ತಿರುವಂತೆ ತೋರುತ್ತದೆ. ರೇಖೆಯನ್ನು ದಾಟಿದರೆ ಇಬ್ಬರೂ ಒಂದೇ ದಿಕ್ಕಿಗೆ ಮುಖ ಮಾಡಿದಂತಾಗುತ್ತದೆ. ಧ್ವನಿಯ ವಿಷಯವೂ ಅಷ್ಟೇ ಮುಖ್ಯ. ಬಟ್ಟೆಗೆ ಹಾಸು ಹೊಕ್ಕುಗಳೆರಡೂ ಹೇಗೋ ಚಲಚ್ಚಿತ್ರಕ್ಕೆ ಚಿತ್ರ ಧ್ವನಿಗಳೂ ಹಾಗೆ. ನೇಕಾರರ ಮಾತು ಸಾಗುತ್ತಿರುವಾಗ ಅವರ ಕೈಗಳನ್ನು ತೋರಿಸಬಹುದು. ಮಗ್ಗದ ಮನೆಯ ನಿಶ್ಶಬ್ದವನ್ನು ಒಂದು ನಿಮಿಷ ಪ್ರತ್ಯೇಕವಾಗಿ ಮುದ್ರಿಸಿಕೊಂಡರೆ, ಮಾತಿನ ತುಂಡುಗಳ ನಡುವಿನ ಬಿರುಕುಗಳನ್ನು ಅದರಿಂದ ತುಂಬಬಹುದು.

ಇವೆಲ್ಲ ಅಭ್ಯಾಸದಿಂದ ಬರತಕ್ಕ ಕೌಶಲಗಳು. ಆದರೆ ಸಂಕಲನದಲ್ಲಿ ಕೌಶಲಕ್ಕಿಂತ ಮಿಗಿಲಾದ ಹೊಣೆಯೊಂದುಂಟು. ವೃದ್ಧ ನೇಕಾರರೊಬ್ಬರು “ಈ ಕೆಲಸದಿಂದ ಹೊಟ್ಟೆ ತುಂಬುವುದಿಲ್ಲ, ಆದರೂ ಮಗ್ಗಕ್ಕೆ ಕೂರದಿದ್ದರೆ ಕೈಗೆ ಸಮಾಧಾನವಿಲ್ಲ” ಎಂದರೆನ್ನಿ. ಮೊದಲ ಅರ್ಧವನ್ನು ಮಾತ್ರ ಉಳಿಸಿದರೆ ಅದು ಗೋಳಾಗುತ್ತದೆ. ಎರಡನೆಯ ಅರ್ಧವನ್ನು ಮಾತ್ರ ಉಳಿಸಿದರೆ ಬಡತನವೇ ಮರೆಯಾಗಿ ಹೊಗಳಿಕೆಯಾಗುತ್ತದೆ. ಎರಡರಲ್ಲಿಯೂ ಒಂದು ಅಕ್ಷರವನ್ನೂ ಹೊಸದಾಗಿ ಸೇರಿಸಿಲ್ಲ. ಆದರೂ ಎರಡೂ ಸುಳ್ಳು. ಸಮಯದ ಮಿತಿಯಿಂದ ಬಿಡುವುದು ಅನಿವಾರ್ಯ. ಬಿಟ್ಟುದರಿಂದ ಉಳಿದುದರ ಅರ್ಥವು ಕೆಡಬಾರದು. ಇದನ್ನು ಕಾಯಲು ಸರಳವಾದ ನಿಯಮವೊಂದಿದೆ: ಸಾರ್ವಜನಿಕ ಪ್ರದರ್ಶನಕ್ಕೆ ಮುನ್ನ ಚಿತ್ರವನ್ನು ಅದರಲ್ಲಿ ಕಾಣಿಸಿಕೊಂಡವರಿಗೇ ತೋರಿಸಬೇಕು. “ನಾನು ಹೇಳಿದ್ದು ಹೀಗಲ್ಲ” ಎಂದು ಅವರು ಹೇಳಿದರೆ, ಆ ಕಡಿತವು ಎಷ್ಟೇ ಸೊಗಸಾಗಿದ್ದರೂ ತಿದ್ದಿಕೊಳ್ಳಬೇಕು.

ಇದಕ್ಕೆ ಬೇಕಾದ ಸಾಧನಗಳು ಶಾಲೆಗಳಿಗೆ ನಿಲುಕದವುಗಳಲ್ಲ. ಕೆಡೆನ್‌ಲೈವ್, ಶಾಟ್‌ಕಟ್ ಮೊದಲಾದ ಸಂಕಲನ ತಂತ್ರಾಂಶಗಳು ಉಚಿತವಾಗಿಯೇ ದೊರೆಯುತ್ತವೆ. ಸಮರ್ಥವಾದ ಒಂದು ಗಣಕಯಂತ್ರ, ಎರಡು ಡಿಸ್ಕುಗಳು, ಜೊತೆಯಲ್ಲಿ ಕುಳಿತು ನೋಡುವ ಅಧ್ಯಾಪಕರೊಬ್ಬರು ಇದ್ದರೆ ಸಾಕು. ಶಾಲೆಗೆ ನೆರವಾಗುವ ದಾನಿಗಳು ಡಿಸ್ಕುಗಳ ಸಂರಕ್ಷಣೆಯತ್ತ ವಿಶೇಷವಾಗಿ ಗಮನ ಕೊಡುವುದು ಉಚಿತ. ಏಕೆಂದರೆ ಹತ್ತು ನಿಮಿಷದ ಚಿತ್ರದಿಂದ ಹೊರಗುಳಿದ ಉಳಿದ ದೃಶ್ಯಗಳು ನಿರುಪಯುಕ್ತವಲ್ಲ. ಮಾತನಾಡಿದವರ ಅನುಮತಿ ಪಡೆದು, ಸ್ಥಳ, ದಿನಾಂಕ, ಕಸುಬಿನ ವಿವರಗಳೊಡನೆ ಅವುಗಳನ್ನು ಕಾಪಾಡಿದರೆ, ಆ ಕೈಗಳು ಮಗ್ಗವನ್ನು ಬಿಟ್ಟ ಮೇಲೆಯೂ ಆ ಕೈಗಳ ನಡೆಯನ್ನು ಮುಂದಿನವರು ನೋಡಿ ಕಲಿಯಬಹುದು.

ಏನನ್ನು ಉಳಿಸಬೇಕು, ಏನನ್ನು ಬಿಡಬೇಕು, ಬಿಡುವಾಗ ಯಾರಿಗೂ ಅನ್ಯಾಯವಾಗದಂತೆ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ಸಂಕಲನವು ಕೈಕೆಲಸದ ಮೂಲಕ ಕಲಿಸುತ್ತದೆ. ಈ ವಿವೇಕವನ್ನು ಗಳಿಸಿದ ವಿದ್ಯಾರ್ಥಿಯು ಮುಂದೆ ಚಲಚ್ಚಿತ್ರರಂಗಕ್ಕೆ ಹೋಗದಿದ್ದರೂ, ಅವನು ಪಡೆದ ಶಿಕ್ಷಣವು ವ್ಯರ್ಥವಾಗುವುದಿಲ್ಲ.